ಅಂಡಮಾನಿಗೆ ಹೋದವರೇ, ಊರಲ್ಲಿ ಉಳಿದವರಿಗೆ ಒಂದು ಕಾರ್ಡ್ ಹಾಕಿ

ನಮ್ಮ ಹಳ್ಳಿಗಳಿಂದಲೂ ಈಗ ಅಂಡಮಾನಿಗೆ ಹೋಗುವವರಿದ್ದಾರೆ. ರಿಟೈರ್ ಆದ ಮೇಷ್ಟ್ರು, ಎಲ್‌ಟಿಸಿ ಸಿಕ್ಕ ನೌಕರರು, ಹೊಸದಾಗಿ ಮದುವೆಯಾದವರು, ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಧೈರ್ಯ ಮಾಡಿ ಹೊರಟ ಕುಟುಂಬಗಳು. ಪೋರ್ಟ್ ಬ್ಲೇರ್‌ನಲ್ಲಿ (2024ರಿಂದ ಅದರ ಹೆಸರು ಶ್ರೀ ವಿಜಯಪುರಂ) ವಿಮಾನ ಇಳಿಯುತ್ತಿದ್ದಂತೆ ವಾಟ್ಸಾಪ್ ಸ್ಟೇಟಸ್ ಶುರು. ನೀಲಿ ಸಮುದ್ರ, ಬಿಳಿ ಮರಳು, ತಲೆಗೆ ಟೋಪಿ, ಕೈಯಲ್ಲಿ ಎಳನೀರು.

ಹೋಗಲಿ ಬಿಡಿ, ಸಂತೋಷವೇ. ದುಡಿದವರು ಹೋಗಲೇಬೇಕು. ಆದರೆ ಆ ಸ್ಟೇಟಸ್ ನೋಡುವವರು ಯಾರು?

ನೀವು ಇಲ್ಲದ ಆರು ದಿನ ನಿಮ್ಮ ಹಸುವಿಗೆ ಹುಲ್ಲು ಹಾಕಿ, ಹಾಲು ಕರೆದು ಡೈರಿಗೆ ಕೊಟ್ಟ ಚಿಕ್ಕಮ್ಮ ನೋಡುವುದಿಲ್ಲ. ರಾತ್ರಿ ಕರೆಂಟ್ ಬಂದಾಗ ಎದ್ದು ಹೋಗಿ ನಿಮ್ಮ ತೋಟದ ಮೋಟರ್ ಆನ್ ಮಾಡಿದ ಪಕ್ಕದ ಮನೆಯವರು ನೋಡುವುದಿಲ್ಲ. ಮನೆ ಕಾಯುತ್ತ ಜಗಲಿಯಲ್ಲಿ ಮಲಗಿದ ಅಜ್ಜ ನೋಡುವುದಿಲ್ಲ. ಅವರ ಹತ್ತಿರ ಇರುವುದು ಬಟನ್ ಫೋನು, ಇಲ್ಲವೇ ಅದೂ ಇಲ್ಲ. ಹಳ್ಳಿಯಲ್ಲಿ ಒಬ್ಬರು ಪ್ರವಾಸ ಹೋಗಬೇಕಾದರೆ ಇನ್ನೊಬ್ಬರು ಉಳಿಯಲೇಬೇಕು. ಉಳಿದವರಿಗೆ ಆ ಪ್ರವಾಸದಲ್ಲಿ ಸಿಗುವ ಪಾಲು ಏನು? ವಾಪಸ್ ಬಂದ ಮೇಲೆ ಒಂದು ಶಂಖದ ಕೀ ಚೈನು.

ಅದಕ್ಕೇ ನಾವು ಹೇಳುವುದು: ಅಲ್ಲಿಂದ ಅವರ ಹೆಸರಿಗೇ ಒಂದು ಪೋಸ್ಟ್ ಕಾರ್ಡ್ ಹಾಕಿ. ಅಂಚೆ ಇಲಾಖೆಯ ಸಾದಾ ಕಾರ್ಡಿಗೆ ಇವತ್ತಿಗೂ 50 ಪೈಸೆ. ಒಂದು ಲೋಟ ಟೀ ದುಡ್ಡಿನಲ್ಲಿ ಇಡೀ ಕೇರಿಗೆ ಬರೆಯಬಹುದು.

‘ಕಾರ್ಡ್ ಮುಟ್ಟುವಷ್ಟರಲ್ಲಿ ನಾವೇ ಊರಿಗೆ ಬಂದಿರುತ್ತೇವಲ್ಲ’ ಎಂದು ನೀವು ಕೇಳಬಹುದು. ನಿಜ, ಬಂದಿರುತ್ತೀರಿ. ಆದರೆ ಕಾರ್ಡ್ ಇರುವುದು ಸುದ್ದಿ ಮುಟ್ಟಿಸಲು ಅಲ್ಲ. ಸುದ್ದಿಗೆ ಫೋನ್ ಇದೆ. 2020ರ ಆಗಸ್ಟ್‌ನಲ್ಲಿ ಚೆನ್ನೈನಿಂದ ಸಮುದ್ರದಡಿ ಸುಮಾರು 2,300 ಕಿಲೋಮೀಟರ್ ಕೇಬಲ್ ಎಳೆದ ಮೇಲೆ ಅಲ್ಲಿ ನೆಟ್‌ವರ್ಕ್ ಕೂಡ ಸುಧಾರಿಸಿದೆ. ಕಾರ್ಡ್ ಹೇಳುವುದು ಬೇರೆ ಮಾತು: ಅಷ್ಟು ದೂರ ಹೋದಾಗಲೂ ನಿಮ್ಮ ನೆನಪಾಯಿತು, ಕೂತು ನಿಮ್ಮ ಹೆಸರು ಬರೆದೆ. ಸ್ಟೇಟಸ್ 24 ಗಂಟೆಗೆ ಅಳಿಸಿ ಹೋಗುತ್ತದೆ. ಕಾರ್ಡ್ ಕನ್ನಡಿಯ ಸಂದಿಯಲ್ಲೋ ಕ್ಯಾಲೆಂಡರ್ ಮೊಳೆಯಲ್ಲೋ ವರ್ಷಗಟ್ಟಲೆ ಇರುತ್ತದೆ. ಬಂದವರಿಗೆಲ್ಲ ಅಜ್ಜ ಅದನ್ನು ತೋರಿಸುತ್ತಾರೆ.

ಅಂಡಮಾನಿಗೆ ಹೋದವರೆಲ್ಲ ಸೆಲ್ಯುಲರ್ ಜೈಲು ನೋಡಿಯೇ ಬರುತ್ತಾರೆ. 1906ರಲ್ಲಿ ಕಟ್ಟಿ ಮುಗಿಸಿದ ಆ ಜೈಲಿನ ಕೈದಿಗಳಿಗೆ ಮನೆಗೆ ಬರೆಯಲು ವರ್ಷಕ್ಕೆ ಒಂದೇ ಪತ್ರದ ಅವಕಾಶವಿತ್ತು. ಶಿಕ್ಷೆ ಎಂದು ಅದನ್ನೂ ಕಿತ್ತುಕೊಳ್ಳುತ್ತಿದ್ದರು. ಅದೇ ಊರಿನಲ್ಲಿ ನಿಂತು ನಾವು ಸೆಲ್ಫಿ ತೆಗೆಯುತ್ತೇವೆ. ನಾಲ್ಕು ಸಾಲು ಬರೆಯಲು ಪುರುಸೊತ್ತಿಲ್ಲ ಎನ್ನುವುದು ಹೇಗೆ?

ಇನ್ನೂ ದೂರದ ಒಂದು ದ್ವೀಪದ ಕಥೆ ಕೇಳಿ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶಕ್ಕೆ ಸೇರಿದ ಗಲಾಪಗೋಸ್ ದ್ವೀಪಗಳಲ್ಲಿ ಫ್ಲೋರಿಯಾನ ಎಂಬುದೊಂದಿದೆ. ಅಲ್ಲಿನ ಕಡಲ ದಂಡೆಯಲ್ಲಿ ಒಂದು ಮರದ ಪೀಪಾಯಿ ಇದೆ. 18ನೇ ಶತಮಾನದ ಕೊನೆಯಲ್ಲಿ ತಿಮಿಂಗಿಲ ಬೇಟೆಯ ಹಡಗಿನವರು ಶುರು ಮಾಡಿದ ಪದ್ಧತಿ. ಮನೆಗೆ ಬರೆದ ಪತ್ರವನ್ನು ಅದರಲ್ಲಿ ಹಾಕಿ ಹೋಗುವುದು, ಆ ಕಡೆ ಹೋಗುವ ಹಡಗಿನವರು ತೆಗೆದುಕೊಂಡು ಮುಟ್ಟಿಸುವುದು. ಇವತ್ತಿಗೂ ಪ್ರವಾಸಿಗರು ಸ್ಟಾಂಪ್ ಇಲ್ಲದ ಕಾರ್ಡ್ ಅಲ್ಲಿ ಹಾಕುತ್ತಾರೆ. ಒಳಗಿರುವ ಕಾರ್ಡುಗಳಲ್ಲಿ ತಮ್ಮ ಊರಿನ ಕಡೆಯದು ಸಿಕ್ಕರೆ ಒಯ್ದು, ಆ ಮನೆಯ ಬಾಗಿಲು ತಟ್ಟಿ ಕೈಗೇ ಕೊಡುತ್ತಾರೆ. ‘ನಮ್ಮೂರ ಕಡೆ ಹೋಗ್ತಿದ್ದೀರಾ? ಇದೊಂದು ಕೊಟ್ಟುಬಿಡಿ’ ಎಂದು ಬಸ್ ಸ್ಟ್ಯಾಂಡಿನಲ್ಲಿ ಕೇಳುವ ನಮಗೆ ಇದು ಹೊಸದೇನಲ್ಲ.

ಕಾರ್ಡಿನಲ್ಲಿ ಏನು ಬರೆಯಬೇಕು? ‘ಇಲ್ಲಿ ಎಲ್ಲರೂ ಕ್ಷೇಮ, ಜಾಗ ಬಹಳ ಚೆನ್ನಾಗಿದೆ’ ಎಂದು ಮುಗಿಸಬೇಡಿ. ಓದುವವರಿಗೆ ಬೇಕಾದದ್ದು ಬರೆಯಿರಿ. ಅಲ್ಲಿಯೂ ತೆಂಗು, ಅಡಿಕೆ ತೋಟಗಳಿವೆ. ಮರ ಹೇಗಿದೆ, ಗೊನೆ ಹೇಗಿದೆ ಎಂದು ಅಪ್ಪನಿಗೆ ಬರೆಯಿರಿ. ನಮ್ಮ ಮುಂಗಾರು ಕೇರಳಕ್ಕೆ ಬರುವ ಮೊದಲು, ಮೇ ಮೂರನೇ ವಾರದ ಆಸುಪಾಸಿನಲ್ಲಿ, ಅಂಡಮಾನ್ ಮುಟ್ಟುತ್ತದೆ. ಆ ಸಮಯದಲ್ಲಿ ಹೋದರೆ ಮಳೆಯ ಸುದ್ದಿ ಬರೆಯಿರಿ. ಚಳಿಗಾಲದಲ್ಲಿ ಅಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ ಎಂದು ಬರೆದರೆ ಅಜ್ಜಿ ಬೆರಗಾಗುತ್ತಾರೆ. ಹಳೆಯ ಕೆಂಪು 20 ರೂಪಾಯಿ ನೋಟಿನ ಹಿಂಬದಿಯ ತೆಂಗಿನ ಮರ, ಲೈಟ್‌ಹೌಸ್ ಅಲ್ಲಿಯದೇ, ನಾರ್ತ್ ಬೇ ಎಂಬ ಜಾಗ. ‘ನೋಟು ತೆಗೆದು ನೋಡು, ನಾನೀಗ ಅಲ್ಲಿದ್ದೇನೆ’ ಎಂದು ಮಕ್ಕಳಿಗೆ ಬರೆಯಿರಿ.

ಒಂದೆರಡು ಕಿವಿಮಾತು. ಎಲ್ಲ ಅಂಚೆ ಕಚೇರಿಯಲ್ಲೂ ಕೇಳಿದ ತಕ್ಷಣ ಕಾರ್ಡ್ ಸಿಗುವುದಿಲ್ಲ. ಹೊರಡುವ ಮೊದಲೇ ನಾಲ್ಕಾರು ಕೊಂಡು, ವಿಳಾಸ ಬರೆದು ಬ್ಯಾಗಿಗೆ ಹಾಕಿಕೊಳ್ಳಿ. ಹೆಸರು, ಊರು ಕನ್ನಡದಲ್ಲಿರಲಿ. ಜಿಲ್ಲೆ, ರಾಜ್ಯದ ಹೆಸರನ್ನು ಇಂಗ್ಲಿಷಿನಲ್ಲೂ ಬರೆಯಿರಿ. ಆರು ಅಂಕಿಯ ಪಿನ್ ಕೋಡ್ ಮರೆಯಬೇಡಿ. ಅಂಗಡಿಯಲ್ಲಿ ಕೊಂಡ ಚಿತ್ರದ ಕಾರ್ಡಿಗೆ ಸ್ಟಾಂಪ್ ಹಚ್ಚಬೇಕು; ಎಷ್ಟರದ್ದು ಎಂದು ಕೌಂಟರಿನಲ್ಲೇ ಕೇಳಿ. ಕಾರ್ಡ್ ತೆರೆದ ಪತ್ರ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಹಣದ ವಿಷಯ, ಬೀಗದ ಕೈ ಇಟ್ಟ ಜಾಗ ಅದರಲ್ಲಿ ಬೇಡ.

ಓದು ಬಾರದವರಿಗೆ ಬರೆದು ಏನು ಪ್ರಯೋಜನ ಎನ್ನಬೇಡಿ. ಪೋಸ್ಟ್‌ಮ್ಯಾನ್ ಓದಿ ಹೇಳುತ್ತಾರೆ, ಇಲ್ಲವೇ ಶಾಲೆಗೆ ಹೋಗುವ ಹುಡುಗಿ ಓದುತ್ತಾಳೆ. ಚಿಕ್ಕಮ್ಮ ಅದನ್ನು ಎರಡು ಸಲ ಓದಿಸುತ್ತಾರೆ.

ಈ ಸಲ ಪ್ರವಾಸದ ಪಟ್ಟಿಯಲ್ಲಿ ಸನ್‌ಸ್ಕ್ರೀನ್ ಕೆಳಗೆ ಇನ್ನೊಂದು ಸಾಲು ಸೇರಿಸಿ: ‘ಹಸು ನೋಡಿಕೊಳ್ಳುವವರ ಪೂರ್ತಿ ಹೆಸರು, ವಿಳಾಸ’. ಎಷ್ಟೋ ಜನಕ್ಕೆ ತಮ್ಮ ಚಿಕ್ಕಮ್ಮನ ಪೂರ್ತಿ ಹೆಸರು ಗೊತ್ತಾಗುವುದೇ ಆಗ.