ಗೈಡ್ ಹುಡುಕುವಾಗ ಹೆಸರು ನೋಡಬೇಡಿ, ಬೂಟು ನೋಡಿ!

ಮಗಳಿಗೆ ಗಂಡು ನೋಡುವಾಗ ಮಲೆನಾಡಿನ ಅಪ್ಪ ಮೂರು ಊರು ವಿಚಾರಿಸುತ್ತಾನೆ. ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತಾನೆ. ಅದೇ ಮಗಳು ಎಂ.ಎಸ್ಸಿ. ಪ್ರಾಜೆಕ್ಟಿಗೆ ಗೈಡ್ ಹುಡುಕುವಾಗ ಮಾತ್ರ ಮನೆಯಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ. ‘ಯಾರೋ ಒಬ್ರು ಮೇಷ್ಟ್ರು ಸಿಕ್ತಾರೆ ಬಿಡು’ ಅಂದರೆ ಮುಗಿಯಿತು.

ಸಿಕ್ಕೇ ಸಿಗುತ್ತಾರೆ. ತಾಪತ್ರಯ ಶುರುವಾಗುವುದೇ ಅಲ್ಲಿಂದ.

ಜಾವಳಿ ಕಡೆಯ ಹುಡುಗಿಯೊಬ್ಬಳು ಕಾಫಿಯ ಬಿಳಿ ಕಾಂಡಕೊರಕದ ಮೇಲೆ ಪ್ರಾಜೆಕ್ಟ್ ಮಾಡಲು ಹೊರಟಳು ಎಂದಿಟ್ಟುಕೊಳ್ಳಿ. ಕಾಫಿ ಗಿಡವನ್ನು ಪುಸ್ತಕದಲ್ಲಷ್ಟೇ ಕಂಡ ಗೈಡ್ ಆದರೆ, ‘ಫೆಬ್ರವರಿಯಲ್ಲಿ ತೋಟ ಸುತ್ತಿ ದುಂಬಿ ಲೆಕ್ಕ ತಗೊಂಡು ಬಾರಮ್ಮ’ ಎನ್ನುತ್ತಾರೆ. ಆದರೆ ದುಂಬಿ ಹೊರಬಿದ್ದು ಹಾರುವುದು ಏಪ್ರಿಲ್-ಮೇ ತಿಂಗಳಲ್ಲಿ. ಮತ್ತೆ ಅಕ್ಟೋಬರಿನಿಂದ ಡಿಸೆಂಬರ್ ತನಕ. ಅದರ ಕಾಟ ಹೆಚ್ಚಾಗಿ ಅರೇಬಿಕಾಕ್ಕೆ, ರೊಬಸ್ಟಾಕ್ಕೆ ಅಲ್ಲ. ಫೆಬ್ರವರಿಯಲ್ಲಿ ರೊಬಸ್ಟಾ ತೋಟ ಸುತ್ತಿದರೆ ಕಾಲುನೋವು ಬಂದೀತು, ದುಂಬಿ ಸಿಕ್ಕೀತೇ?

ತೋಟದ ರೈಟರಿಗೆ ಗೊತ್ತಿರುವ ಈ ಸಂಗತಿ ಗೈಡಿಗೆ ಗೊತ್ತಿಲ್ಲದಿದ್ದರೆ ಆಗುವುದೇನು? ಹಳೇ ಪ್ರಾಜೆಕ್ಟಿನ ಪುಟ ತಿರುವಿ, ಅಂಕಿ ಬದಲಾಯಿಸಿ, ಚಿನ್ನದ ಅಕ್ಷರದ ರಟ್ಟು ಹಾಕಿಸುವುದು. ಡಿಗ್ರಿ ಬಂತು. ವಿದ್ಯೆ ಎಲ್ಲಿ ಬಂತು? ಅಪ್ಪ ಮೆಣಸು ಮಾರಿ ಕಟ್ಟಿದ ಫೀಸು ಹೊಳೆಗೆ ಹುಣಸೆಹಣ್ಣು ತೊಳೆದಂತಾಯಿತು.

ಹಿಂದೆ ಈ ಸೀಮೆ ಬೇರೆ ಥರದ ಮನುಷ್ಯರನ್ನೂ ಕಂಡಿದೆ. ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬೆನ್ನು ಹತ್ತಿ, 1910ರಲ್ಲಿ ಅದರ ಬಗ್ಗೆ ಬರೆದರು. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ಹೊಡೆಯುವ ಪದ್ಧತಿ ಬೇರೂರಿದ್ದು ಅವರ ಕೆಲಸದಿಂದ. ಇಂದಿಗೂ ಮಳೆ ಹಿಡಿಯುವ ಮುಂಚೆ ಅಡಿಕೆ ಬೆಳೆಗಾರ ಅದನ್ನೇ ಹೊಡೆಯುತ್ತಾನೆ. ಬೂಟಿಗೆ ಮಣ್ಣು ಹತ್ತಿಸಿಕೊಂಡ ವಿದ್ಯೆ ನೂರು ವರ್ಷ ಬಾಳುತ್ತದೆ.

ಹಾಗಂತ ತಪ್ಪೆಲ್ಲ ಮೇಷ್ಟ್ರ ತಲೆಗೆ ಕಟ್ಟುವುದು ನ್ಯಾಯವಲ್ಲ. ಖಾಯಂ ಹುದ್ದೆ ತುಂಬದೆ ಅತಿಥಿ ಉಪನ್ಯಾಸಕರ ಮೇಲೆಯೇ ವಿಭಾಗ ನಡೆಸಿದರೆ, ಅವರು ಪಾಠ ಮಾಡಬೇಕೋ, ತೋಟ ಸುತ್ತಬೇಕೋ? ಹುಡುಗರೂ ಕಡಿಮೆಯವರಲ್ಲ. ‘ಅವರು ಕಣ್ಮುಚ್ಚಿ ಸಹಿ ಹಾಕ್ತಾರೆ ಕಣೋ’ ಎಂದು ಹುಡುಕಿಕೊಂಡು ಹೋಗುವವರಿದ್ದಾರೆ. ಅಂಥ ಸಹಿ ಉದ್ರಿ ಸಾಮಾನಿದ್ದ ಹಾಗೆ. ತಂದಾಗ ಸುಖ, ಕೆಲಸದ ಇಂಟರ್‌ವ್ಯೂನಲ್ಲಿ ಲೆಕ್ಕ ಕೊಡಬೇಕು.

ಹೆಸರು ಕೊಡುವ ಮುಂಚೆ ಮೂರು ಮಾತು ವಿಚಾರಿಸಿದರೆ ಸಾಕು. ಒಂದು, ಆ ಮೇಷ್ಟ್ರು ಆ ವಿಷಯದಲ್ಲಿ ತಾವೇ ಕೆಲಸ ಮಾಡಿದ್ದಾರೆಯೇ? ಎರಡು, ಈ ವರ್ಷ ಅವರ ಕೈಕೆಳಗೆ ಎಷ್ಟು ಜನ ಇದ್ದಾರೆ? ಮೂರು, ಬರೆದುಕೊಟ್ಟದ್ದನ್ನು ಓದಿ, ತಿದ್ದಿ ವಾಪಸು ಕೊಡುತ್ತಾರೆಯೇ? ಈ ಮೂರನೆಯದಕ್ಕೆ ಉತ್ತರ ಹೋದ ವರ್ಷ ಪಾಸಾದವರ ಹತ್ತಿರ ಇರುತ್ತದೆ. ಒಂದು ಟೀ ಕುಡಿಸಿ ಕೇಳಿದರೆ ನಿಜ ಹೇಳುತ್ತಾರೆ. ಮೊದಲ ಭೇಟಿಯಲ್ಲೇ ‘ಈ ವಿಷಯ ಇಷ್ಟು ದಿನದಲ್ಲಿ ಆಗಲ್ಲಮ್ಮ, ಸಣ್ಣದು ಮಾಡು’ ಎಂದು ಗದರುವವರು ಸಿಕ್ಕರೆ ಬಿಡಬಾರದು. ಅವರೇ ಸರಿಯಾದ ಗೈಡ್.

ವಿಭಾಗಗಳೂ ಒಂದು ಕೆಲಸ ಮಾಡಬೇಕು. ಯಾವ ಮೇಷ್ಟ್ರಿಗೆ ಯಾವ ವಿಷಯ, ಎಷ್ಟು ಜಾಗ ಎಂಬ ಪಟ್ಟಿಯನ್ನು ಕೊನೆಯ ಸೆಮಿಸ್ಟರಿಗಲ್ಲ, ಒಂದು ವರ್ಷ ಮೊದಲೇ ನೋಟಿಸ್ ಬೋರ್ಡಿಗೆ ಹಾಕಲಿ. ಜಾವಳಿಯಲ್ಲಿ ಹುಟ್ಟುವ ಹೇಮಾವತಿಯ ನೀರು ಅಳೆಯುವವರು ಮಳೆಗಾಲ, ಬೇಸಿಗೆ ಎರಡನ್ನೂ ನೋಡಬೇಡವೇ? ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರವಿದೆ. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜಿದೆ. ತಿಳಿದವರು ಇಷ್ಟು ಹತ್ತಿರ ಇರುವಾಗ ಅವರಲ್ಲೊಬ್ಬರನ್ನು ಜೊತೆ ಗೈಡ್ ಮಾಡಿಕೊಳ್ಳಲು ಏನು ಅಡ್ಡಿ?

ಅಪ್ಪಂದಿರೂ ಈ ಸಲ ಮಗಳನ್ನು ಬಸ್ ಹತ್ತಿಸುವಾಗ ಬುತ್ತಿಯ ಜೊತೆ ಒಂದು ಪ್ರಶ್ನೆ ಕಟ್ಟಿಕೊಡಲಿ: ‘ನಿನ್ನ ಗೈಡು ಯಾರಮ್ಮ? ಅವ್ರು ತೋಟ ನೋಡಿದಾರಾ?’