ಐದೆಕರೆ ಕೊಟ್ಟಾಯಿತಲ್ಲ ಎನ್ನುವವರಿಗೆ

ಸಿಂಧನೂರು ತಾಲ್ಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳ ಬಂಗಾಲಿ ಕುಟುಂಬಗಳಿಗೆ ಪೌರತ್ವದ ಅರ್ಜಿ, ಜಮೀನಿನ ವಾರಸಾ, ಮಕ್ಕಳ ಪ್ರಮಾಣಪತ್ರ ಇಂಥ ಕೆಲಸಗಳಲ್ಲಿ ಕೈಹಿಡಿದು ನಡೆಸುವ ಒಂದು ಸಹಾಯ ಕೇಂದ್ರ ಬೇಕು, ಅದಕ್ಕೆ ಪಕ್ಕದ ಗಂಗಾವತಿ, ಕಾರಟಗಿಯವರೂ ಹೆಗಲು ಕೊಡಬೇಕು ಎಂಬುದು ನನ್ನ ವಾದ. ಇದನ್ನು ಹೇಳಿದಾಗೆಲ್ಲ ಎದುರು ಮಾತು ಬರುವುದು ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಗೆಳೆಯರಿಂದಲೇ. ಕೆಲವರದು ಬರೀ ಸಿಟ್ಟು, ಕೆಲವರದು ನ್ಯಾಯವಾದ ಸಂಕಟ. ಎರಡಕ್ಕೂ ಉತ್ತರ ಹೇಳಬೇಕಾಗಿದೆ.

ಯಾರ ಬಗ್ಗೆ ಈ ಮಾತು ಎಂಬುದು ಮೊದಲು ಸ್ಪಷ್ಟವಾಗಲಿ. ಪೂರ್ವ ಪಾಕಿಸ್ತಾನದ ಗಲಭೆಗಳಿಂದ ಓಡಿಬಂದ ಹಿಂದೂ ಕುಟುಂಬಗಳನ್ನು ಕೇಂದ್ರ ಸರ್ಕಾರ ದಂಡಕಾರಣ್ಯದಿಂದ ಹಿಡಿದು ಹಲವು ಕಡೆ ಹಂಚಿತು. ಅದರಲ್ಲಿ 727 ಕುಟುಂಬಗಳು 1970ರ ದಶಕದ ಆರಂಭದಲ್ಲಿ ಸಿಂಧನೂರಿನ ಪಾಲಿಗೆ ಬಂದವು. ಬರ್ಮಾ ಮತ್ತು ಶ್ರೀಲಂಕಾದಿಂದ ಬಂದವರಿಗೂ ಅಲ್ಲೇ ನೆಲೆ ಸಿಕ್ಕಿತು. ಬಂಗಾಲಿಗಳಲ್ಲಿ ಹೆಚ್ಚಿನವರು ನಮಶೂದ್ರರು. ನದಿಮುಖಜ ಭೂಮಿಯಲ್ಲಿ ಭತ್ತ ಬೆಳೆದು, ಮೀನು ಹಿಡಿದು ಬದುಕಿದವರು. ಮುನಿರಾಬಾದಿನಲ್ಲಿ ಹೊರಟು ಗಂಗಾವತಿಯ ಗದ್ದೆಗಳನ್ನು ತಣಿಸಿ ಮುಂದೆ ಹೋಗುವ ತುಂಗಭದ್ರಾ ಎಡದಂಡೆ ಕಾಲುವೆಯೇ ಅವರ ಸೀಮೆಗೂ ನೀರು ಒಯ್ಯುತ್ತದೆ. ಹಾಗಾಗಿ ಅವರು ನಮಗೆ ಒಂದೇ ನೀರಿನ ನೆರೆಯವರು.

ಮೊದಲ ಆಕ್ಷೇಪ: ‘ಮನೆಗೆ ಮಾರಿ, ಊರಿಗೆ ಉಪಕಾರಿ. ನಮ್ಮವರೇ ಗುಳೆ ಹೋಗುತ್ತಿರುವಾಗ ಹೊರಗಿನವರಿಗೇಕೆ ಸಹಾಯ?’

ಕುಷ್ಟಗಿ, ಯಲಬುರ್ಗಾದ ಒಣನೆಲದ ಜನ ಮಳೆ ಕೈಕೊಟ್ಟಾಗ ಗಂಟುಮೂಟೆ ಕಟ್ಟಿ ಗೋವಾ, ಮಂಗಳೂರು, ಬೆಂಗಳೂರಿಗೆ ಹೋಗುವುದು ಎಲ್ಲರಿಗೂ ಗೊತ್ತು. ಈ ಸಂಕಟವನ್ನು ಸಣ್ಣದು ಮಾಡುವ ಧೈರ್ಯ ನನಗಿಲ್ಲ. ಆದರೆ ಗೋವಾದಲ್ಲಿ ನಮ್ಮವರು ಏನು ಕೇಳುತ್ತಾರೆ? ವಾಸ್ಕೋದ ಬೈನಾದಲ್ಲಿ, ಜುವಾರಿನಗರದಲ್ಲಿ ತಲೆಮಾರು ಕಳೆದ ಕನ್ನಡ ಕೂಲಿಯವರು ಕೇಳುವುದು ಮನೆ ಒಡೆಯಬೇಡಿ, ಪಡಿತರ ಕೊಡಿ, ವಾಸದ ದಾಖಲೆ ಕೊಡಿ, ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಿ ಎಂದು. ಅಲ್ಲಿ ಸರ್ಕಾರಿ ಸವಲತ್ತು ಬೇಕಾದರೆ ಬಹುಪಾಲು 15 ವರ್ಷ ವಾಸದ ಪ್ರಮಾಣಪತ್ರ ತೋರಿಸಬೇಕು. 2004ರಲ್ಲಿ ಬೈನಾದ ಗುಡಿಸಲುಗಳ ಮೇಲೆ ಯಂತ್ರ ಹರಿದಾಗ ‘ಹೊರಗಿನವರಿಗೇಕೆ ನೆಲೆ’ ಎಂಬ ಮಾತು ನಮ್ಮ ಕಿವಿಗೆ ಎಷ್ಟು ಕ್ರೂರವಾಗಿ ಕೇಳಿಸಿತ್ತು! ಅದೇ ಮಾತನ್ನು ಸಿಂಧನೂರಿನ ಮುದುಕಿಗೆ ಹೇಳುವಾಗ ಮಾತ್ರ ನಮಗೆ ನ್ಯಾಯವಾಗಿ ಕೇಳಿಸುವುದು ಹೇಗೆ?

ಇನ್ನೂ ಒಂದು ಮಾತಿದೆ. ಗುಳೆ ಹೋಗುವವನಿಗೆ ಬೇಕಾದದ್ದೂ ಕ್ಯಾಂಪಿನವನಿಗೆ ಬೇಕಾದದ್ದೂ ಬಹುಮಟ್ಟಿಗೆ ಒಂದೇ ಬಗೆಯ ನೆರವು. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯಲ್ಲಿ ಪರರಾಜ್ಯದಲ್ಲಿ ಅಕ್ಕಿ ಪಡೆಯುವುದು ಹೇಗೆ, ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸುವುದು ಹೇಗೆ ಎಂದು ತಾವರಗೇರಾದ ಕೂಲಿಯವನಿಗೆ ಹೇಳಿಕೊಡುವ ಕೈಯೇ ಕ್ಯಾಂಪಿನವನ ಅರ್ಜಿಯನ್ನೂ ತುಂಬಬಲ್ಲದು. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆಯಾಗಲು ಇದು ಕಾಲುವೆ ನೀರಲ್ಲ.

ಎರಡನೆಯದು: ‘ಕುಟುಂಬಕ್ಕೆ ಐದೆಕರೆ ನೀರಾವರಿ ಕೊಟ್ಟಾಯಿತಲ್ಲ. ಅಣೆಕಟ್ಟಿಗೆ ಊರು ಕಳೆದುಕೊಂಡ ನಮಗೇನು ಸಿಕ್ಕಿತು?’

ಈ ಮಾತಿನ ಎರಡನೇ ಅರ್ಧಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಒಪ್ಪಿಗೆ ಇದೆ. 1945ರಲ್ಲಿ ಕೆಲಸ ಶುರುವಾಗಿ 1953ರಲ್ಲಿ ನೀರು ನಿಂತಾಗ ಎರಡೂ ದಂಡೆಯ ಸುಮಾರು 90 ಹಳ್ಳಿಗಳು ಮುಳುಗಿದವು. ಕಾಲುವೆ ಹರಿದ ಕೂಡಲೇ ಆಂಧ್ರದ ಕೃಷ್ಣಾ, ಗೋದಾವರಿ ಸೀಮೆಯ ರೈತರು ಬಂದು ಒಣಭೂಮಿಯನ್ನು ಅಗ್ಗದಲ್ಲಿ ಕೊಂಡು ಗಂಗಾವತಿಯ ಸುತ್ತ ಕ್ಯಾಂಪು ಕಟ್ಟಿದರು. ಮುಳುಗಡೆಯವರ ಹೊಟ್ಟೆಯಲ್ಲಿ ಕಿಚ್ಚು ಇದ್ದರೆ ಅದಕ್ಕೆ ಕಾರಣವಿದೆ. ಅದು ಉರಿಯಬೇಕಾದದ್ದು ಅವರ ಪುನರ್ವಸತಿಯನ್ನು ಅರೆಬರೆ ಬಿಟ್ಟ ಸರ್ಕಾರಗಳ ಕಡೆಗೆ. ಅಂಥದೇ ಕ್ಯಾಂಪಾದ ಶ್ರೀರಾಮನಗರದ ಭತ್ತದ ವ್ಯಾಪಾರಿಯನ್ನು ಇಂದು ಯಾರೂ ಹೊರಗಿನವರು ಎನ್ನುವುದಿಲ್ಲ; ದುಡ್ಡು ಹಿಡಿದು ಬಂದವರು ಬೇಗ ಊರಿನವರಾದರು. ಕೈ ಬೀಸಿಕೊಂಡು ಬಂದವರು ಅರ್ಧ ಶತಮಾನದ ಮೇಲೂ ನಿರಾಶ್ರಿತರಾಗಿಯೇ ಉಳಿದರು.

ಈಗ ಐದೆಕರೆಯ ಲೆಕ್ಕ. 1971ರ ಹೊತ್ತಿಗೆ ಒಂದು ಕುಟುಂಬಕ್ಕೆ ಅದು ಸಾಕಿತ್ತು ಎನ್ನೋಣ. ನಾಲ್ಕು ಗಂಡುಮಕ್ಕಳಾದರೆ ಮುಂದಿನ ತಲೆಮಾರಿಗೆ ತಲಾ ಒಂದೂಕಾಲು ಎಕರೆ, ಅದರ ಮುಂದಿನವರಿಗೆ ಗುಂಟೆಗಳು. ಹೆಣ್ಣುಮಕ್ಕಳ ಪಾಲನ್ನು ನಾನಿನ್ನೂ ಎತ್ತಿಲ್ಲ. ಆ ಗುಂಟೆಯೂ ಪಹಣಿಯಲ್ಲಿ ಸತ್ತ ಅಜ್ಜನ ಹೆಸರಿನಲ್ಲೇ ಇದ್ದರೆ ಬೆಳೆಸಾಲ ಸಿಗುವುದಿಲ್ಲ, ಬೆಳೆವಿಮೆ ಸಿಗುವುದಿಲ್ಲ, ಬರ ಪರಿಹಾರ ಖಾತೆಗೆ ಬೀಳುವುದಿಲ್ಲ. ವಾರಸಾ ಆಗಬೇಕಾದರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಗುರುತಿನ ಚೀಟಿ ಬೇಕು. ಒಂದರಲ್ಲಿ ಹೆಸರು ಮಂಡಲ್, ಇನ್ನೊಂದರಲ್ಲಿ ಮಂಡಳ, ಮತ್ತೊಂದರಲ್ಲಿ ಮಂಡಾಲ ಎಂದಿದ್ದರೆ ಕಡತ ಮೇಜಿನಿಂದ ಮೇಜಿಗೆ ತಿರುಗುತ್ತದೆ. ಬಂಗಾಲಿ ಹೆಸರನ್ನು ಕನ್ನಡದ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದದ್ದಕ್ಕೆ ಮೂರನೇ ತಲೆಮಾರು ಅಫಿಡವಿಟ್ಟಿಗೆ ದುಡ್ಡು ತೆರಬೇಕು. ಜಮೀನು ಕೊಟ್ಟ ದಿನವೇ ಸಹಾಯ ಮುಗಿಯಿತು ಎಂದುಕೊಂಡದ್ದರ ಫಲ ಇದು.

ಮೂರನೆಯದನ್ನು ನಾನು ಅತಿ ಹೆಚ್ಚು ಕೇಳಿದ್ದೇನೆ: ‘ಟಿಬೆಟಿನವರನ್ನು ನೋಡಿ. ಯಾರ ಹಂಗೂ ಇಲ್ಲದೆ ಮುಂಡಗೋಡ, ಬೈಲಕುಪ್ಪೆಯನ್ನು ಬಂಗಾರ ಮಾಡಿಕೊಂಡರು. ಇವರಿಗೇನು ಧಾಡಿ?’

ಯಾರ ಹಂಗೂ ಇಲ್ಲದೆ ಎಂಬುದು ಶುದ್ಧ ಸುಳ್ಳು. ಆಗಿನ ಮೈಸೂರು ರಾಜ್ಯ ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಕೊಡಲು ಮುಂದಾಯಿತು. ಮೊದಲ ವರ್ಷಗಳಲ್ಲಿ ಆ ಜನ ಕಾಡು ಕಡಿದರು, ಆನೆಗಳಿಗೆ ಬೆಳೆ ಕಳೆದುಕೊಂಡರು, ಸೆಕೆ ತಾಳಲಾರದೆ ಕಾಯಿಲೆ ಬಿದ್ದರು. ಅವರ ದುಡಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅವರ ಬೆನ್ನಿಗೆ ಧರ್ಮಶಾಲಾದಲ್ಲಿ ಅವರದೇ ಆಡಳಿತವಿತ್ತು, ಕೇಂದ್ರದ ನೆರವಿನ ಪ್ರತ್ಯೇಕ ಶಾಲೆಗಳಿದ್ದವು, ಸಹಕಾರ ಸಂಘಗಳಿದ್ದವು, ವಿದೇಶಿ ದೇಣಿಗೆ ಇತ್ತು. ಸಾಲದ್ದಕ್ಕೆ 1968ರಲ್ಲಿ ಮೈರಾಡ ಎಂಬ ಸಂಸ್ಥೆಯೇ ಹುಟ್ಟಿಕೊಂಡಿತು. ಹುಟ್ಟಿದ ಕಾರಣ ಕರ್ನಾಟಕಕ್ಕೆ ಬಂದ ಟಿಬೆಟನ್ನರ ಪುನರ್ವಸತಿ. ಹೊಲ ಹದ ಮಾಡಿಸುವುದು, ಬೀಜ, ದನ, ಟ್ರ್ಯಾಕ್ಟರು, ತರಬೇತಿ, ಹೀಗೆ ವರ್ಷಗಟ್ಟಲೆ ಜೊತೆಯಲ್ಲಿ ನಿಂತವರಿದ್ದರು. ಸಿಂಧನೂರಿನ ನಮಶೂದ್ರನ ಬೆನ್ನಿಗೆ ಇವುಗಳಲ್ಲಿ ಯಾವುದು ಇತ್ತು? ಲೋಕವೇ ಬಲ್ಲ ಧರ್ಮಗುರುವಿಲ್ಲ, ಸುದ್ದಿ ಮಾಡುವ ಪತ್ರಕರ್ತನಿಲ್ಲ. ಟಿಬೆಟನ್ನರ ಉದಾಹರಣೆ ನನ್ನ ವಾದದ ಕಡೆಗೇ ವಾಲುತ್ತದೆ: ನೆಲದ ಜೊತೆಗೆ ಜನರೂ ನಿಂತರೆ ಏನಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಆ ಮೈರಾಡ ಮುಂದೆ ಏನು ಮಾಡಿತು ಎಂಬುದನ್ನೂ ಗೆಳೆಯರು ಕೇಳಬೇಕು. ಟಿಬೆಟನ್ನರ ಕೆಲಸ ಮುಗಿಸಿ ಅದು ನಮ್ಮ ಬಡ ಹಳ್ಳಿಗಳ ಕಡೆ ತಿರುಗಿತು. 1980ರ ದಶಕದಲ್ಲಿ ಸಣ್ಣ ಉಳಿತಾಯ ಗುಂಪುಗಳನ್ನು ಕಟ್ಟಿತು. ಆ ಪ್ರಯೋಗಕ್ಕೆ ನಬಾರ್ಡ್ ನೆರವಾಯಿತು. 1992ರಲ್ಲಿ ಅಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ದೇಶದಲ್ಲಿ ಆರಂಭವಾಯಿತು. ಇಂದು ಯಲಬುರ್ಗಾದ ಹೆಣ್ಣುಮಕ್ಕಳು ಸ್ವಸಹಾಯ ಸಂಘದಲ್ಲಿ ಕೂತು ಸಾಲದ ಪುಸ್ತಕಕ್ಕೆ ಸಹಿ ಹಾಕುವ ಪದ್ಧತಿಯ ಒಂದು ಬೇರು ನಿರಾಶ್ರಿತರಿಗಾಗಿ ಹುಟ್ಟಿದ ಸಂಸ್ಥೆಯಲ್ಲಿದೆ. ಹೊರಗಿನವರಿಗೆ ಮಾಡಿದ ಉಪಕಾರ ಮನೆಗೆ ಮಾರಿಯಾಗಲಿಲ್ಲ.

ನಾಲ್ಕು: ‘ಇವರೆಲ್ಲ ನುಸುಳುಕೋರರು.’

ಸರ್ಕಾರವೇ ಪಟ್ಟಿ ಮಾಡಿ, ನೆಲ ಅಳೆದುಕೊಟ್ಟು ಕೂರಿಸಿದವರು ನುಸುಳಿದ್ದು ಎಲ್ಲಿಂದ? ಹಿಂದೆಯೇ ಬಂದ ನೆಂಟರಿಷ್ಟರು ಇರಬಹುದು, ಅವರ ವಿಚಾರ ಬೇರೆ. ಅವರನ್ನು ಬೇರ್ಪಡಿಸಿ ನೋಡುವ ದಾರಿಯೂ ದಾಖಲೆಯೇ.

ಕಾನೂನನ್ನೇ ನೋಡಿ. 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವನು ಹುಟ್ಟಿನಿಂದಲೇ ಪ್ರಜೆ. ಆಮೇಲೆ ಹುಟ್ಟಿದವನಿಗೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. 2004ರ ಡಿಸೆಂಬರ್ 3ರ ನಂತರ ಹುಟ್ಟಿದವರಿಗೆ ನಿಯಮ ಇನ್ನೂ ಬಿಗಿ: ಒಬ್ಬರು ಪ್ರಜೆ, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಅಂದರೆ ಒಂದೇ ಮನೆಯಲ್ಲಿ ಅಜ್ಜಿಗೆ ಒಂದು ಕಾನೂನು, ಮಗನಿಗೆ ಇನ್ನೊಂದು, ಮೊಮ್ಮಗಳಿಗೆ ಮತ್ತೊಂದು. ಪೌರತ್ವ ಕಾಯ್ದೆಯ 2019ರ ತಿದ್ದುಪಡಿಗೆ 2024ರ ಮಾರ್ಚ್‌ನಲ್ಲಿ ನಿಯಮ ಬಂತು. (ಧರ್ಮ ನೋಡಿ ಬಾಗಿಲು ತೆರೆಯುವ ಆ ಕಾನೂನಿನ ಬಗ್ಗೆ ನನಗೆ ತಕರಾರಿದೆ, ಆದರೆ ತೆರೆದ ಬಾಗಿಲಲ್ಲಿ ನಿಂತ ಮುದುಕಿಯನ್ನು ಅದಕ್ಕಾಗಿ ತಡೆಯಲಾರೆ.) ಅರ್ಜಿ ಆನ್‌ಲೈನಿನಲ್ಲಿ ಹಾಕಬೇಕು, ಪರಿಶೀಲಿಸುವುದು ಅಂಚೆ ಅಧೀಕ್ಷಕರ ನೇತೃತ್ವದ ಜಿಲ್ಲಾ ಸಮಿತಿ, ಮೂಲದೇಶದ ನಂಟಿಗೆ ದಾಖಲೆ ಬೇಕು. ರಾತ್ರೋರಾತ್ರಿ ಊರು ಬಿಟ್ಟವರು ಪೆಟ್ಟಿಗೆಯಲ್ಲಿ ಜನ್ಮಪತ್ರ ಇಟ್ಟುಕೊಂಡು ಬಂದಿರುತ್ತಾರೆಯೇ? 2024ರ ಆಗಸ್ಟ್‌ನಲ್ಲಿ ಸಿಂಧನೂರಿನ ಐವರಿಗೆ ಈ ಕಾಯ್ದೆಯಡಿ ಪೌರತ್ವ ಸಿಕ್ಕಿತು. ಐವತ್ತು ವರ್ಷಕ್ಕೂ ಮಿಗಿಲಾದ ಕಾಯುವಿಕೆಗೆ ಐದು ಹೆಸರು.

ನುಸುಳುಕೋರರ ಭಯ ನಿಜವಾಗಿ ಇರುವವರು ಸಹಾಯ ಕೇಂದ್ರವನ್ನು ಎಲ್ಲರಿಗಿಂತ ಮೊದಲು ಕೇಳಬೇಕು. ಯಾರು ಯಾವಾಗ ಬಂದರು, ಯಾರು ಇಲ್ಲೇ ಹುಟ್ಟಿದರು ಎಂದು ಕಾಗದದಲ್ಲಿ ಇತ್ಯರ್ಥವಾಗದಿದ್ದರೆ ಲಾಭ ದಲ್ಲಾಳಿಗೆ ಮಾತ್ರ.

ಐದನೆಯದು ಮೀಸಲಾತಿ: ‘ಇವರಿಗೆ ಎಸ್‌ಸಿ ಪಟ್ಟಿ ಕೊಟ್ಟರೆ ನಮ್ಮ ಪಾಲು ಹೋಗುತ್ತದೆ.’ ನಮಶೂದ್ರರು ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿ, ಕರ್ನಾಟಕದ ಪಟ್ಟಿಯಲ್ಲಿ ಇಲ್ಲ. ಇಲ್ಲಿ 101 ಜಾತಿಗಳು ಶೇ 17ನ್ನು ಹಂಚಿಕೊಳ್ಳಲು ವರ್ಷಗಟ್ಟಲೆ ಹೋರಾಡಿವೆ. ಹೊಸ ಹೆಸರಿನ ಬಗ್ಗೆ ಅಳುಕು ಸಹಜ. ಅದನ್ನು ತೀರ್ಮಾನಿಸುವುದು ಸಂಸತ್ತು, ಸಹಾಯ ಕೇಂದ್ರವಲ್ಲ. ಮುಂದೆ ಹೋಗೋಣ.

ಆರು: ‘ಅವರು ಕನ್ನಡ ಕಲಿಯಲಿಲ್ಲ, ಬೆರೆಯಲಿಲ್ಲ.’

ಕ್ಯಾಂಪಿನ ಮಕ್ಕಳು ಕಲಿಯುವುದು ಕನ್ನಡ ಶಾಲೆಯಲ್ಲಿ. ಗಂಡಸರು ಗದ್ದೆಯಲ್ಲಿ, ಸಂತೆಯಲ್ಲಿ ಸಿಂಧನೂರಿನ ಕನ್ನಡವನ್ನೇ ಕಲಿತರು, ‘ಬರ್‍ರಿ, ಕೂಡ್ರಿ’ ಸಮೇತ. ಹಿಂದೆ ಉಳಿದವರು ಮನೆಯೊಳಗೆ ಉಳಿದ ವಯಸ್ಸಾದ ಹೆಂಗಸರು. ಅವರಿಗೆ ಕಲಿಸಲು ಯಾರು ಹೋಗಿದ್ದರು? ಕೊಪ್ಪಳದವರು ಈ ಆಕ್ಷೇಪ ಎತ್ತುವಾಗ ಸ್ವಲ್ಪ ಹಿಂದೆ ನೋಡಬೇಕು. ನಿಜಾಮನ ಆಳ್ವಿಕೆಯಲ್ಲಿ ನಮ್ಮ ಹಿರಿಯರು ತಮ್ಮದೇ ಊರಿನ ಕಚೇರಿಯಲ್ಲಿ ಉರ್ದು ಕಾಗದದ ಮುಂದೆ ಹೆಬ್ಬೆಟ್ಟು ಒತ್ತಿ ನಿಂತವರು. ಓದಿ ಹೇಳಲು ಒಬ್ಬ ಮುನ್ಷಿ ಬೇಕಿತ್ತು.

ನಮ್ಮವರೂ ಒಮ್ಮೆ ನಿರಾಶ್ರಿತರಾಗಿದ್ದರು. 1947–48ರಲ್ಲಿ ನಿಜಾಮನ ಪರವಾದ ರಜಾಕಾರರ ಹಾವಳಿ ಎದ್ದಾಗ ಇದೇ ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಜನ ಸಂಸ್ಥಾನದ ಗಡಿ ದಾಟಿ ಮುಂಬಯಿ ಪ್ರಾಂತ್ಯದ ಮುಂಡರಗಿ, ಗಜೇಂದ್ರಗಡದ ಕಡೆ ಓಡಿದರು. ಮುಂಡರಗಿಯ ಹೋರಾಟ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು ನಾಯಕರು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ. ಹೋರಾಟದ ಚರಿತ್ರೆ ಬಂದೂಕುಗಳನ್ನು ನೆನಪಿಡುತ್ತದೆ. ಗಡಿಯಾಚೆಯ ಊರಿನವರು ಜೋಳ ಕೊಟ್ಟದ್ದನ್ನು, ಪಡಸಾಲೆ ಬಿಟ್ಟುಕೊಟ್ಟದ್ದನ್ನು ಅಷ್ಟಾಗಿ ಬರೆಯುವುದಿಲ್ಲ. ನಮ್ಮವರಿಗೆ ಎರಡು ಅನುಕೂಲಗಳಿದ್ದವು: ಓಡಿಹೋದ ಕಡೆಯೂ ಕನ್ನಡವಿತ್ತು, 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆಯ ನಂತರ ಮರಳಲು ಊರಿತ್ತು. ಸಿಂಧನೂರಿನ ಕ್ಯಾಂಪಿನವರಿಗೆ ಎರಡೂ ಇರಲಿಲ್ಲ.

ಕೊನೆಯ ಆಕ್ಷೇಪ: ‘ಇದು ಸರ್ಕಾರದ ಕೆಲಸ, ನಮ್ಮ ನಿಮ್ಮಿಂದ ಆಗುವಂಥದ್ದಲ್ಲ.’

ಕೆನಡಾದ ಒಂದು ಪದ್ಧತಿ ಇದಕ್ಕೆ ಒಳ್ಳೆಯ ಉತ್ತರ. ಅಲ್ಲಿ 2024ರ ತನಕ ಐವರು ಸಾಮಾನ್ಯ ನಾಗರಿಕರು ಸೇರಿ ಒಂದು ನಿರಾಶ್ರಿತ ಕುಟುಂಬದ ಹೊಣೆ ಹೊರಬಹುದಿತ್ತು. ಸಾಮಾನ್ಯವಾಗಿ ಒಂದು ವರ್ಷ ಬಾಡಿಗೆ, ಊಟದ ಖರ್ಚು ಅವರದು. ಮಕ್ಕಳನ್ನು ಶಾಲೆಗೆ ಸೇರಿಸುವುದು, ವೈದ್ಯರ ಬಳಿ ಕರೆದೊಯ್ಯುವುದು, ಬ್ಯಾಂಕ್ ಖಾತೆ ತೆರೆಸುವುದು, ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ತೋರಿಸುವುದೂ ಅವರದೇ. 1979–80ರಲ್ಲಿ ವಿಯೆಟ್ನಾಂ, ಕಾಂಬೋಡಿಯ, ಲಾವೋಸಿನಿಂದ ಬಂದ ಸುಮಾರು 60,000 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರನ್ನು ಇಂಥ ಗುಂಪುಗಳೇ ಬರಮಾಡಿಕೊಂಡವು. ಸರ್ಕಾರ ಹಿಂದೆ ಸರಿಯಲಿಲ್ಲ. ಒಳಬಿಡುವುದು ಸರ್ಕಾರದ ಕೆಲಸ, ಊರು ತೋರಿಸುವುದು ಊರಿನವರ ಕೆಲಸ ಎಂದು ಹಂಚಿಕೊಂಡರು.

ನಮಗೆ ಬಾಡಿಗೆ ಕಟ್ಟುವ ಹೊರೆಯೂ ಇಲ್ಲ. ನಿವೃತ್ತ ಗ್ರಾಮಲೆಕ್ಕಿಗರೊಬ್ಬರು, ಕಾನೂನು ಓದಿದ ಒಬ್ಬರು, ಕಂಪ್ಯೂಟರ್ ಬಲ್ಲ ಕಾಲೇಜು ಹುಡುಗರು, ಬಂಗಾಲಿ ಮತ್ತು ಕನ್ನಡ ಎರಡೂ ಬರುವ ಕ್ಯಾಂಪಿನದೇ ಒಬ್ಬ ಹೆಣ್ಣುಮಗಳು. ಅಷ್ಟು ಜನ ವಾರಕ್ಕೊಮ್ಮೆ, ಸಂತೆಯ ದಿನ, ಒಂದು ಶಾಲಾ ಕೋಣೆಯಲ್ಲಿ ಕೂತರೆ ಆರಂಭವಾಗುತ್ತದೆ. ಮೊದಲ ತಿಂಗಳಿಗೆ ಪೌರತ್ವವೂ ಬೇಡ. ಹೆಸರಿನ ಕಾಗುಣಿತ ಒಂದೇ ಆಗಿಸುವುದು ಮತ್ತು ಸತ್ತವರ ಹೆಸರಿನಲ್ಲಿರುವ ಪಹಣಿಗಳ ಪಟ್ಟಿ ಮಾಡುವುದು, ಇವೆರಡೇ ಸಾಕು. ಗಂಗಾವತಿಯಿಂದ ಬರಲು ಒಪ್ಪುವವರು ಸ್ಟಾಂಪ್ ಪ್ಯಾಡ್ ಒಂದನ್ನು ಜೊತೆಗೆ ತರಲಿ. ಹೆಬ್ಬೆಟ್ಟಿನವರು ಇನ್ನೂ ಇದ್ದಾರೆ.