ಹೆಸರು ಉಳಿದ ಗುಡ್ಡ, ದೀಪ ಉಳಿದ ಬಂಡೆ

ಆಕಾಶ ತಿಳಿಯಾಗಿರುವ ಸಂಜೆ ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಮೇಲೆ ನಿಂತರೆ ಪಡುವಣದ ಅಂಚಿನಲ್ಲಿ ಅರಬ್ಬೀ ಸಮುದ್ರವು ಬೆಳ್ಳಿಯ ಗೆರೆಯಂತೆ ಕಾಣುವುದುಂಟು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲೂಕುಗಳ ಕಥೋಲಿಕ ಮನೆತನಗಳಲ್ಲಿ ಅನೇಕರ ಹಿರಿಯರು ಆ ಗೆರೆಯ ಬದಿಯಿಂದಲೇ ಘಟ್ಟವೇರಿ ಬಂದವರು. ಇನ್ನು ಕೆಲವರು ಕೇರಳದಿಂದ ಬಂದು ಇಲ್ಲಿ ರಬ್ಬರ್ ಬೆಳೆಸಿದರು. ಆದುದರಿಂದ ಮಲೆನಾಡಿನವರಿಗೆ ಕಡಲ ದೀಪಸ್ತಂಭದ ಮಾತೇಕೆ ಎಂದು ಓದುಗರು ಕೇಳಲಾರರೆಂದು ನಂಬಿದ್ದೇವೆ.

ಮಂಗಳೂರಿನಿಂದ ಉಡುಪಿಗೆ ಹೋಗುವ ಹೆದ್ದಾರಿಯ ಪಕ್ಕದ ಕಾಪುವಿನಲ್ಲಿ, ತೀರದ ಬಂಡೆಯ ಮೇಲೆ ನಿಂತಿರುವ ದೀಪಸ್ತಂಭವನ್ನು ಕಟ್ಟಿದ್ದು 1901ರಲ್ಲಿ. ಎತ್ತರ ಸುಮಾರು 27 ಮೀಟರ್. ನಮ್ಮ ಧರ್ಮಕೇಂದ್ರದ ಮಕ್ಕಳೂ ಪ್ರವಾಸಕ್ಕೆಂದು ಅಲ್ಲಿಗೆ ಹೋಗಿ, ಮೆಟ್ಟಿಲೇರಿ, ಫೋಟೋ ತೆಗೆದು, ಕತ್ತಲಾಗುವ ಮುನ್ನ ಬಸ್ಸು ಹತ್ತುತ್ತಾರೆ. ದೀಪ ಹತ್ತುವವರೆಗೆ ಕಾಯುವವರು ಕಡಿಮೆ. ಹಡಗನ್ನು ಒಡೆಯಬಲ್ಲ ಬಂಡೆಯೇ ಅಲ್ಲಿ ದೀಪಕ್ಕೆ ಪೀಠವಾಗಿದೆ ಎಂಬುದನ್ನು ಗಮನಿಸುವವರು ಇನ್ನೂ ಕಡಿಮೆ.

ವಿದ್ಯುತ್ ಬರುವ ಮುನ್ನ ದೀಪಸ್ತಂಭದ ಕಾವಲುಗಾರನ ಕೆಲಸ ಸುಲಭದ್ದಾಗಿರಲಿಲ್ಲ. ಎಣ್ಣೆಯನ್ನು ಮೇಲಕ್ಕೆ ಹೊರಬೇಕು, ಬತ್ತಿಯ ಕರಿ ಕತ್ತರಿಸಬೇಕು, ಗಾಜನ್ನು ಒರೆಸಬೇಕು. ದೀಪವನ್ನು ತಿರುಗಿಸುವ ಗಡಿಯಾರದಂಥ ಯಂತ್ರಕ್ಕೆ ರಾತ್ರಿಯಲ್ಲಿ ಮತ್ತೆ ಮತ್ತೆ ಕೀಲಿ ಕೊಡಬೇಕು. ಫ್ರಾನ್ಸಿನ ಒಗಸ್ಟೆನ್ ಫ್ರೆನೆಲ್ ಎಂಬ ಎಂಜಿನಿಯರ್ 1823ರಲ್ಲಿ ಕೊರ್ದುವಾನ್ ದೀಪಸ್ತಂಭದಲ್ಲಿ ತನ್ನ ಹೊಸ ಮಸೂರವನ್ನು ಅಳವಡಿಸಿದ ಮೇಲೆ, ಚದುರಿಹೋಗುತ್ತಿದ್ದ ಬೆಳಕು ಒಂದೇ ಕಿರಣವಾಗಿ ಬಹುದೂರ ಹರಿಯುವಂತಾಯಿತು. ಆ ಸ್ತಂಭದ ಒಳಗೆ ಒಂದು ಪ್ರಾರ್ಥನಾಲಯವಿದೆ! ಐರ್ಲೆಂಡಿನ ಹುಕ್ ಎಂಬಲ್ಲಿರುವ, 800 ವರ್ಷ ಹಳೆಯ ದೀಪಸ್ತಂಭದ ಮೊದಲ ಕಾವಲುಗಾರರು ಸನ್ಯಾಸಿಗಳು. 17ನೆಯ ಶತಮಾನದವರೆಗೂ ಅಲ್ಲಿ ಬೆಂಕಿ ಕಾಯ್ದವರು ಅವರೇ. ಜಪದ ವೇಳೆಯೂ ಕಾವಲಿನ ವೇಳೆಯೂ ಅವರಿಗೆ ಬೇರೆ ಬೇರೆಯಾಗಿ ತೋರಿರಲಾರದು.

ಇನ್ನು ಮಂಗಳೂರಿನ ಬಾವುಟಗುಡ್ಡೆ. ಲೈಟ್‌ಹೌಸ್ ಹಿಲ್ ಎಂದರೆ ಇಡೀ ಊರಿಗೆ ಗೊತ್ತು. ಯೇಸುಸಭೆಯ ಗುರುಗಳು 1880ರಲ್ಲಿ ಸ್ಥಾಪಿಸಿದ ಸಂತ ಅಲೋಶಿಯಸ್ ಕಾಲೇಜು ಅಲ್ಲಿಯೇ ಇದೆ. ನಮ್ಮ ಓದುಗರಲ್ಲಿ ಎಷ್ಟೋ ಜನ ಅಲ್ಲಿ ಕಲಿತವರು. ಹೈದರಾಲಿಯ ಕಾಲದ್ದೆಂದು ಜನ ಹೇಳುವ ಹಳೆಯ ಗೋಪುರವೂ ಗುಡ್ಡದ ಮೇಲಿದೆ. ಆದರೆ ಅಲ್ಲಿ ದೀಪ ಉರಿಯುವುದಿಲ್ಲ. ಹಡಗುಗಳಿಗೆ ದಾರಿ ತೋರುವ ಕೆಲಸ 1972ರ ಸುರತ್ಕಲ್ ದೀಪಸ್ತಂಭದ ಪಾಲಾಗಿದೆ. ಹೆಸರು ಬೇರೆ, ವಸ್ತು ಬೇರೆ ಎಂದು ತತ್ತ್ವಶಾಸ್ತ್ರದ ಮೊದಲ ಪಾಠಗಳಲ್ಲಿ ನಮಗೆ ಹೇಳಿಕೊಟ್ಟಿದ್ದರು. ಅದಕ್ಕೆ ಇಷ್ಟು ದೊಡ್ಡ ಉದಾಹರಣೆ ಇಷ್ಟು ಹತ್ತಿರದಲ್ಲಿದೆಯೆಂದು ಆಗ ತಿಳಿದಿರಲಿಲ್ಲ.

ಮನೆಭೇಟಿಯ ಸಂದರ್ಭದಲ್ಲಿ ತೋಟದ ನಡುವಿನ ಒಂದು ಮನೆಗೆ ಹೋಗಿದ್ದೆವು. ಮಕ್ಕಳಲ್ಲಿ ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಕೊಲ್ಲಿಯಲ್ಲಿ. ಇರುವವರು ವೃದ್ಧ ದಂಪತಿಗಳಿಬ್ಬರೇ. ಪೀಠದ ಮೇಲಿನ ಜಪಸರಕ್ಕೆ ಧೂಳು ಹಿಡಿದಿತ್ತು. ಕೇಳಿದಾಗ ಆ ತಾಯಿ ಸಂಕೋಚದಿಂದಲೇ ಹೇಳಿದರು: “ಮಕ್ಕಳಿದ್ದಾಗ ದಿನವೂ ತೇರ್ಸ್ ಹೇಳುತ್ತಿದ್ದೆವು, ಫಾದರ್. ಈಗ ಯಾರಿಗಾಗಿ?” ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಚಹಾ ಕುಡಿದು ಹೊರಟು ಬಂದೆವು.

ಅವರ ಪ್ರಶ್ನೆ ಅಗ್ಗದ್ದಲ್ಲ. ಮಕ್ಕಳಿಗೆ ಕಲಿಸಲೆಂದೇ ಸಂಜೆಯ ಪ್ರಾರ್ಥನೆ ಇತ್ತೆಂದಾದರೆ, ಮಕ್ಕಳು ಹೋದ ಮೇಲೆ ಅದು ನಿಲ್ಲುವುದು ಸಹಜವೇ. ಆದರೆ ದೀಪಸ್ತಂಭದ ಕಾವಲುಗಾರ ತನ್ನ ಬೆಳಕಿನಿಂದ ಪಾರಾದ ಹಡಗುಗಳ ಹೆಸರನ್ನು ತಿಳಿದವನಲ್ಲ. ಅವುಗಳಲ್ಲಿದ್ದವರು ಬಂದು ಅವನಿಗೆ ಕೃತಜ್ಞತೆ ಹೇಳಿದವರೂ ಅಲ್ಲ. ಕಡಲು ಖಾಲಿಯಾಗಿ ಕಂಡ ರಾತ್ರಿಯೂ ಅವನು ಬತ್ತಿ ಕತ್ತರಿಸಿದ. ಈಗ ಹಡಗಿನವರಿಗೆ ಉಪಗ್ರಹಗಳು ದಾರಿ ಹೇಳುತ್ತವೆ. ಆದರೂ 1927ರ ದೀಪಸ್ತಂಭ ಕಾಯ್ದೆಯ ಬದಲಿಗೆ ಸಂಸತ್ತು 2021ರಲ್ಲಿ ಹೊಸ ಕಾಯ್ದೆಯನ್ನು ತಂದಾಗ ದೀಪಸ್ತಂಭಗಳನ್ನು ಕೈಬಿಡಲಿಲ್ಲ. ಕಾಪುವಿನ ದೀಪ ಇಂದಿಗೂ ಉರಿಯುತ್ತಿದೆ. ದೂರ ಹೋದ ಮಗನ ಮೊಬೈಲ್ ಎಲ್ಲ ದಾರಿಯನ್ನೂ ಹೇಳಬಲ್ಲುದು. ತನಗಾಗಿ ಯಾರೋ ಮಂಡಿಯೂರಿದ್ದಾರೆಂಬುದನ್ನು ಅದು ಹೇಳಲಾರದು. ತಾಯಿ ಮಾತ್ರ ಅದನ್ನು ಹೇಳಬಲ್ಲಳು.

ಇದನ್ನು ಆ ದಿನವೇ ಹೇಳಬೇಕಿತ್ತು, ತಡವಾಗಿ ಹೇಳುತ್ತಿದ್ದೇವೆ. ಒಂಟಿಯಾದ ಮುದುಕರಿಗೆ ಪ್ರಾರ್ಥಿಸಿರೆಂದು ಉಪದೇಶಿಸಿ ನಾವು ಜಾರಿಕೊಳ್ಳುವುದೂ ನ್ಯಾಯವಲ್ಲ. ಅಕ್ಟೋಬರ್ ಜಪಸರದ ತಿಂಗಳು. ಹಿರಿಯರು ಮಾತ್ರ ಉಳಿದಿರುವ ಮನೆಗಳ ಪಟ್ಟಿಯನ್ನು ವಾಳೆಯ ಗುರಿಕಾರರು ದಯವಿಟ್ಟು ಸೆಪ್ಟೆಂಬರಿನಲ್ಲಿಯೇ ಕೊಡಬೇಕು. ನೆರೆಯ ಒಂದೊಂದು ಕುಟುಂಬ, ಮಕ್ಕಳನ್ನೂ ಕರೆದುಕೊಂಡು, ಸಂಜೆ ಏಳು ಗಂಟೆಗೆ ಆ ಮನೆಗಳಿಗೆ ಹೋಗಲಿ. ಮಳೆಯಿದ್ದರೆ ಕೊಡೆ ಹಿಡಿದು ಹೋಗಲಿ. ಮೊದಲ ದಿನ ನಾವು ಆ ದಂಪತಿಗಳ ಮನೆಯಲ್ಲಿರುತ್ತೇವೆ.